ಲಸಿಕೆ ಹೈದರಾಬಾದಿನದು, ಸುದ್ದಿ ಯಾರದು?

ಕನ್ನಡ ಶಾಲೆಗಳ ಬಂಧುಗಳೇ,

ಬಯೋಟೆಕ್ ಅಂದರೆ ಬೆಂಗಳೂರು ಅಂತಲೇ ನಮಗೆ ಬರುವ ಕನ್ನಡ ಪತ್ರಿಕೆಗಳ ಲೆಕ್ಕ. ನಾರಾಯಣಪೇಟೆ ಜಿಲ್ಲೆಯ ನಾವು ಇರುವುದು ತೆಲಂಗಾಣದಲ್ಲಿ ಸ್ವಾಮಿ! ನಮ್ಮ ರಾಜಧಾನಿಯ ಅಂಚಿನಲ್ಲಿ ಜೀನೋಮ್ ವ್ಯಾಲಿ ಇದೆ. ಅಲ್ಲಿಯ ಲಸಿಕೆ ದೇಶವಿದೇಶಕ್ಕೆ ಹೋಗುತ್ತದೆ, ಸುದ್ದಿ ಮಾತ್ರ ನಮ್ಮ ತರಗತಿಗೆ ಬರುವುದಿಲ್ಲ. ತೆಲುಗು ಪತ್ರಿಕೆ ತೆರೆದರೆ ಎಷ್ಟು ಕೋಟಿ ಹೂಡಿಕೆ, ಯಾವ ಮಂತ್ರಿ ರಿಬ್ಬನ್ ಕತ್ತರಿಸಿದರು... ಅಷ್ಟೇ.

"ಇದನ್ನೆಲ್ಲ ಕನ್ನಡದಲ್ಲಿ ಹೇಳಲಿಕ್ಕಾಗುವುದಿಲ್ಲ" ಎನ್ನುವ ಮೇಷ್ಟ್ರುಗಳೂ ಇದ್ದಾರೆ. ಯಾಕಾಗುವುದಿಲ್ಲ? 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಹೆಪಟೈಟಿಸ್-ಬಿ ಲಸಿಕೆ ತಂದಿತು. ವೈರಸ್ಸಿನ ಹೊರಮೈಯ ಒಂದು ಪ್ರೋಟೀನಿನ ಜೀನನ್ನು ಯೀಸ್ಟಿನೊಳಗೆ ಸೇರಿಸಿದರು. ಯೀಸ್ಟ್ ಬೆಳೆದಂತೆ ಆ ಪ್ರೋಟೀನೂ ತಯಾರಾಯಿತು. ಅದನ್ನು ಶುದ್ಧಮಾಡಿ ಸೂಜಿಯಲ್ಲಿ ಕೊಟ್ಟರೆ ದೇಹ ಶತ್ರುವಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಏಳನೆಯ ತರಗತಿ ಹುಡುಗಿಗೆ ಇಷ್ಟು ಸಾಕು. (ಜೀನ್‌ಗೆ ಸಂಸ್ಕೃತ ಪದ ಹುಡುಕುತ್ತ ಕೂತವರು ಕೂತಿರಲಿ!)

ಇದು ಯಾಕೆ ಬೇಕು ಅಂತೀರಾ? ಕೂಸಿಗೆ 6, 10, 14ನೆಯ ವಾರ ಹಾಕುವ ಪೆಂಟಾವೇಲೆಂಟ್ ಸೂಜಿಯಲ್ಲಿ ಹೆಪಟೈಟಿಸ್-ಬಿ ಲಸಿಕೆಯೂ ಇದೆ. ಬದುಕಿರುವ ರೋಗಾಣು ಅದರಲ್ಲಿ ಒಂದೂ ಇಲ್ಲ. ಆದರೂ ಆ ರಾತ್ರಿ ಜ್ವರ ಬಂದರೆ "ರೋಗವನ್ನೇ ಚುಚ್ಚಿದರು" ಎಂದು ಮುಂದಿನ ಸೂಜಿ ತಪ್ಪಿಸುವ ಮನೆಗಳಿವೆ. ಕೈಗೆ ಕೊಟ್ಟ ಕಾಗದ ತೆಲುಗಿನಲ್ಲಿ. ಓದಿ ಹೇಳಬೇಕಾದವರು ನಾವೇ ತಾನೆ?

ಸಿಲೆಬಸ್ಸಿನಲ್ಲಿಲ್ಲ ಎನ್ನಬೇಡಿ. ಬೆಳಗಿನ ಪ್ರಾರ್ಥನೆಯಲ್ಲಿ ವಾರ್ತೆ ಓದಿಸುತ್ತೇವಲ್ಲ, ವಾರಕ್ಕೊಂದು ದಿನ ಕ್ರಿಕೆಟ್ ಸ್ಕೋರು ಬಿಟ್ಟು ಇದನ್ನು ಓದಿಸಿ. ತೆಲುಗು ಬಲ್ಲವರು ಹಿಂದಿನ ಸಂಜೆಯೇ ಕನ್ನಡದಲ್ಲಿ ಬರೆದುಕೊಡಲಿ.