ಟೋಪಿ ಹೆಣೆಯುವುದೂ ಎಂಜಿನಿಯರಿಂಗೇ

ಉಲ್ಲನ್ ಹೆಣಿಗೆ ಎಂದರೆ ಅಜ್ಜಿಯಂದಿರ ಕೆಲಸ, ಹೊತ್ತು ಹೋಗದವರ ಹವ್ಯಾಸ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಹಾಸ್ಟೆಲಿನಲ್ಲಿ ಹುಡುಗನೊಬ್ಬ ಕಡ್ಡಿ ಹಿಡಿದು ಕುಳಿತರಂತೂ ನಗೆಯೋ ನಗೆ. ಫೈನಲ್ ಇಯರ್ ಪ್ರಾಜೆಕ್ಟನ್ನೇ ಅಂಗಡಿಯಿಂದ ಕೊಂಡು ತರುವವರಿರುವಾಗ, ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಿಂದಲೇ ಒಂದು ವಸ್ತು ಮಾಡುವವನನ್ನು ಕಂಡು ನಗುವುದು ಎಷ್ಟು ಸರಿ?

ಉದ್ದುದ್ದ ಗೆರೆಗಳಿರುವ, ಎಳೆದರೆ ಹಿಗ್ಗುವ ಚಳಿಗಾಲದ ಟೋಪಿಯನ್ನೇ ನೋಡಿ. ಅದರಲ್ಲಿರುವುದು ಎರಡೇ ಬಗೆಯ ಕುಣಿಕೆ: ಸೀದಾ ಮತ್ತು ಉಲ್ಟಾ. ಒಂದರ ಹಿಂಬದಿಯೇ ಇನ್ನೊಂದು. ಎರಡು ಸೀದಾ, ಎರಡು ಉಲ್ಟಾ ಎಂದು ಸಾಲು ಸಾಲಾಗಿ ಹೆಣೆದರೆ ಸೀದಾ ಪಟ್ಟಿ ಮುಂದೆ ಉಬ್ಬುತ್ತದೆ, ಉಲ್ಟಾ ಪಟ್ಟಿ ಹಿಂದೆ ಸರಿಯುತ್ತದೆ. ಬಟ್ಟೆ ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳುತ್ತದೆ. ಎಳೆದರೆ ಬಿಚ್ಚುತ್ತದೆ, ಬಿಟ್ಟರೆ ಮುದುಡುತ್ತದೆ. ಹಿಗ್ಗುವ ಗುಣ ಬರುವುದು ಹೆಚ್ಚಾಗಿ ದಾರದಿಂದಲ್ಲ, ರಚನೆಯಿಂದ. ನಾವು ಹಾಕುವ ಬನಿಯನ್ನಿನ ಕತ್ತಿನ ಪಟ್ಟಿಯಲ್ಲೂ ಇದೇ ತಂತ್ರವಿದೆ.

ಇದು ಸಣ್ಣ ವಿಷಯವಲ್ಲ. ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆ ಯಂತ್ರ ರೂಪಿಸಿದ್ದು 1589ರಲ್ಲಿ. ಆ ಬಗೆಯ ಯಂತ್ರದಲ್ಲಿ ಈ ಗೆರೆ ಹೆಣಿಗೆ ಮೂಡಿಸುವ ಜೋಡಣೆಗೆ ಜೆಡಿಡಯಾ ಸ್ಟ್ರಟ್ ಪೇಟೆಂಟ್ ಪಡೆದದ್ದು 1759ರಲ್ಲಿ, ಅಂದರೆ 170 ವರ್ಷಗಳ ನಂತರ.

ಈ ಟೋಪಿಯನ್ನು ಕೆಳಗಿನ ಅಂಚಿನಿಂದ ಶುರುಮಾಡುವುದು ಒಂದು ಕ್ರಮ. ಅದರಲ್ಲಿ ಒಟ್ಟು ಎಷ್ಟು ಕುಣಿಕೆ ಬೇಕೆಂದು ಮೊದಲೇ ತೀರ್ಮಾನಿಸಬೇಕು. ಲೆಕ್ಕ ತಪ್ಪಿದರೆ ಪೂರ್ತಿ ಬಿಚ್ಚಬೇಕು. ನೆತ್ತಿಯಿಂದ ಕೆಳಕ್ಕೆ ಹೆಣೆಯುವುದು ಇನ್ನೊಂದು ಕ್ರಮ. 8 ಕುಣಿಕೆಯಿಂದ ಆರಂಭಿಸಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ 8 ಕುಣಿಕೆ ಹೆಚ್ಚಿಸುತ್ತ ಹೋದರೆ, 11 ಸಲ ಹೆಚ್ಚಿಸುವಷ್ಟರಲ್ಲಿ 96 ಆಗುತ್ತದೆ. ಎರಡು ಸೀದಾ, ಎರಡು ಉಲ್ಟಾ ಕೂರಲು ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, 96 ಆಗುತ್ತದೆ. ದಾರ ಸಪೂರವಿದ್ದರೆ ಇನ್ನೂ ಹೆಚ್ಚು, ದಪ್ಪವಿದ್ದರೆ ಕಡಿಮೆ. ಮುಖ್ಯ ಲಾಭವೇನೆಂದರೆ, ನಡುನಡುವೆ ಕುಣಿಕೆಗಳನ್ನು ಬೇರೊಂದು ದಾರಕ್ಕೆ ಏರಿಸಿ ತಲೆಗೆ ಹಾಕಿ ನೋಡಬಹುದು. ಬಿಗಿಯಾದರೆ ಇನ್ನಷ್ಟು ಹೆಚ್ಚಿಸಬಹುದು, ಸಡಿಲವಾದರೆ ನಾಲ್ಕು ಸುತ್ತು ಬಿಚ್ಚಬಹುದು. ಕಿವಿ ಮುಚ್ಚಿತೋ, ಅಲ್ಲಿಗೆ ನಿಲ್ಲಿಸಬಹುದು. ಬಳಸುವವರ ಮೇಲೆ ಆಗಾಗ ಪರೀಕ್ಷಿಸಿ ತಿದ್ದುವುದೇ ಒಳ್ಳೆಯ ವಿನ್ಯಾಸ ಎಂದು ನಮ್ಮ ಪಠ್ಯಗಳು ಹೇಳುತ್ತವೆ. ಇಲ್ಲಿ ಅದನ್ನು ಕೈಯಾರೆ ಮಾಡುತ್ತೇವೆ.

ನಿಜವಾದ ಪರೀಕ್ಷೆ ಇರುವುದು ಕೊನೆಯ ಸುತ್ತಿನಲ್ಲಿ. ಕುಣಿಕೆಗಳನ್ನು ಮಾಮೂಲಿ ರೀತಿಯಲ್ಲಿ ಮುಚ್ಚಿದರೆ ಅಂಚು ಹಗ್ಗದಂತೆ ಬಿಗಿಯುತ್ತದೆ. ಇಡೀ ಟೋಪಿ ಹಿಗ್ಗಿದರೂ ಆ ಒಂದು ಅಂಚು ಹಿಗ್ಗದೆ ತಲೆಯೊಳಗೆ ಇಳಿಯುವುದೇ ಇಲ್ಲ. ಪ್ರತಿ ಕುಣಿಕೆ ಹೆಣೆಯುವ ಮೊದಲು ಕಡ್ಡಿಗೆ ದಾರ ಒಂದು ಸುತ್ತು ಹಾಕಿ, ಹೆಣೆದ ಮೇಲೆ ಆ ಸುತ್ತನ್ನೂ ಅದರ ಮೇಲಿನಿಂದ ದಾಟಿಸಿ ಮುಚ್ಚಿದರೆ ಅಂಚಿಗೂ ಹಿಗ್ಗುವಷ್ಟು ದಾರ ಸಿಗುತ್ತದೆ. ಎಲ್ಲಕ್ಕಿಂತ ಬಿಗಿಯಾದ ಜಾಗವೇ ಇಡೀ ವಸ್ತುವಿನ ಮಿತಿಯನ್ನು ನಿರ್ಧರಿಸುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಲ್ಯಾಬ್ ಕಲಿಸೀತು?

ಲ್ಯಾಬಿನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ರೆಕಾರ್ಡ್ ಬುಕ್ಕಿನಲ್ಲಿ ಅದನ್ನು ಹೊಂದಿಸಿ ಬರೆದರೂ ಅಂಕ ಬರುತ್ತದೆ. ಟೋಪಿಯಲ್ಲಿ ಆ ಹೊಂದಾಣಿಕೆ ನಡೆಯದು. ತಲೆಗೆ ಕೂರಬೇಕು, ಇಲ್ಲವೇ ಬಿಚ್ಚಬೇಕು. ಕಾಲೇಜುಗಳು ಫಿಟ್ಟಿಂಗ್, ವೆಲ್ಡಿಂಗ್ ಜೊತೆಗೆ ವರ್ಕ್‌ಶಾಪಿನಲ್ಲಿ ಹೆಣಿಗೆಗೂ ಒಂದು ವಾರ ಕೊಡಲಿ. ಕಲಿಸಲು ಹೊರಗಿನ ತಜ್ಞರನ್ನು ಹುಡುಕಬೇಕಿಲ್ಲ. ಕುಲಾವಿ, ಸ್ವೆಟರ್ ಹೆಣೆದ ಅಮ್ಮ, ಅಜ್ಜಿಯರು ಊರೂರಲ್ಲಿ ಇದ್ದಾರೆ.

ಟೋಪಿ ಹೆಣೆದವರಿಗೆಲ್ಲ ಕೆಲಸ ಸಿಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಸಂದರ್ಶನದಲ್ಲಿ ‘ನೀವೇ ಮಾಡಿದ ಒಂದು ವಸ್ತುವಿನ ಬಗ್ಗೆ ಹೇಳಿ’ ಎಂದು ಕೇಳಿದರೆ, ಕೊಂಡು ತಂದ ಪ್ರಾಜೆಕ್ಟಿನವರು ತಡವರಿಸಬೇಕಾಗುತ್ತದೆ. ಟೋಪಿ ಹೆಣೆದವರು ಅದರ ಪ್ರತಿ ಸುತ್ತಿಗೂ ಕಾರಣ ಕೊಡಬಲ್ಲರು.