ಮಡಿಕೆಯ ಚೀಟಿಯಿಂದ ಮೊಬೈಲಿನ ತೆರೆಗೆ

ಕೀಟನಾಶಕದ ಡಬ್ಬಿಯೊಡನೆ ಹಲವು ಮಡಿಕೆಗಳ ತೆಳುವಾದ ಕಾಗದವೊಂದು ಬರುತ್ತದೆ. ಬಿಡಿಸಿದರೆ ಮೊಳದುದ್ದ, ಅಕ್ಷರಗಳು ಮಾತ್ರ ಸಾಸಿವೆಯಷ್ಟು. ಎಕರೆಗೆ ಎಷ್ಟು ಔಷಧ, ಎಷ್ಟು ನೀರು, ಕೊನೆಯ ಸಿಂಪರಣೆಯ ನಂತರ ಕೊಯ್ಲಿಗೆ ಎಷ್ಟು ದಿನ ಕಾಯಬೇಕು, ವಿಷವೇರಿದ ಲಕ್ಷಣಗಳೇನು, ಪ್ರತಿವಿಷ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಇದು ಹಿಂದಿ, ಇಂಗ್ಲಿಷ್ ಹಾಗೂ ಮಾರಾಟವಾಗುವ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲಿ ಅಚ್ಚಾಗಬೇಕು. ನಿಯಮ ಹೇಳುವುದು ಪ್ರದೇಶವನ್ನು, ರಾಜ್ಯವನ್ನಲ್ಲ. ಆದರೂ ಅಕ್ಕಲಕೋಟೆಯ ತೊಗರಿ ಬೆಳೆಗಾರನಿಗೆ, ಜತ್ತದ ದಾಳಿಂಬೆ ತೋಟದವನಿಗೆ ಆ ಚೀಟಿಯಲ್ಲಿ ಕನ್ನಡ ಸಿಗುವುದು ಕಂಪನಿಯ ಹಂಚಿಕೆಯ ಲೆಕ್ಕಾಚಾರವನ್ನು ಅವಲಂಬಿಸಿದೆ. ಕಾಗದದಲ್ಲಿ ಸ್ಥಳವಿಲ್ಲ ಎಂಬ ಸಮಾಧಾನವನ್ನು ಇದುವರೆಗೆ ಹೇಗೋ ಒಪ್ಪಬಹುದಾಗಿತ್ತು.

ಈಗ ತಾಂತ್ರಿಕ ಕೈಪಿಡಿಗಳು ಕಾಗದವನ್ನು ಬಿಟ್ಟು ತೆರೆಗೆ ಸಾಗುತ್ತಿವೆ. ಅಮೆರಿಕನ್ ಏರ್‌ಲೈನ್ಸ್‌ನ ವಿಮಾನ ಚಾಲಕರು ಹೊರುತ್ತಿದ್ದ ಸುಮಾರು 16 ಕಿಲೋ ತೂಕದ ಕೈಪಿಡಿಗಳ ಚೀಲ 2013ರ ವೇಳೆಗೆ ಐಪ್ಯಾಡಿನೊಳಗೆ ಸೇರಿತು. ಡಬ್ಬಿಗಳ ಮೇಲೂ ಕ್ಯೂಆರ್ ಚೌಕಗಳು ಕಾಣಿಸಿಕೊಂಡಿವೆ. ತೆರೆಯಲ್ಲಿ ಇನ್ನೊಂದು ಭಾಷೆಯನ್ನು ಸೇರಿಸಲು ಅಂಗುಲ ಕಾಗದವೂ ಬೇಕಿಲ್ಲ. ಭಾಷೆಯನ್ನು ಅಂಗಡಿಯ ವಿಳಾಸ ನಿರ್ಧರಿಸಬೇಕಾಗಿಲ್ಲ, ಓದುವವನೇ ಆರಿಸಿಕೊಳ್ಳಬಹುದು. ಗಡಿನಾಡಿಗೆ ಇದು ಸಣ್ಣ ಮಾತಲ್ಲ.

ಆದರೆ ಬಹುಪಾಲು ನಡೆಯುತ್ತಿರುವುದು ಬೇರೆ. ಅದೇ ಮೊಳದುದ್ದದ ಕಾಗದವನ್ನು ಪಿಡಿಎಫ್ ಮಾಡಿ ಏರಿಸಿಬಿಡುತ್ತಾರೆ. ಎರಡು ಬೆರಳಿನಿಂದ ಹಿಗ್ಗಿಸಿ, ಅತ್ತಿತ್ತ ಎಳೆದಾಡಿ ಓದಬೇಕು. ಕನ್ನಡದ ಪುಟ ಯುನಿಕೋಡ್‌ಗೆ ಹಿಂದಿನ ಫಾಂಟಿನಲ್ಲಿದ್ದರೆ ಇನ್ನೂ ಕಷ್ಟ. ಕಣ್ಣಿಗೆ ಅದು ಕನ್ನಡ, ಯಂತ್ರದೊಳಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. 'ಪ್ರತಿವಿಷ' ಎಂದು ಹುಡುಕಿದರೆ ಏನೂ ಸಿಗದು. ಮೊಬೈಲು ಅದನ್ನು ಗಟ್ಟಿಯಾಗಿ ಓದಿ ಹೇಳಲಾರದು. ಗಡಿಭಾಗದಲ್ಲಿ ನಷ್ಟ ಹೆಚ್ಚಾಗುವುದು ಇಲ್ಲಿಯೇ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಮಾತ್ರ ಕಲಿತವರು ಈ ಸೀಮೆಯಲ್ಲಿ ಬಹಳ. ಅವರಿಗೆ ಕನ್ನಡ ಲಿಪಿ ತೊಡಕು, ಕನ್ನಡದ ಮಾತು ಸಲೀಸು. ಕೇಳಿಸುವ ಕೈಪಿಡಿ ಅವರಿಗೆ ಅಚ್ಚಿನ ಕೈಪಿಡಿಗಿಂತ ಹತ್ತಿರದ್ದು.

ಹಾಗೆಂದು ಕಾಗದವನ್ನು ಪೂರ್ತಿ ಕೈಬಿಡುವುದು ಅವಿವೇಕ. ಕೈ ವಿಷದಲ್ಲಿ ನೆನೆದಿರುವಾಗ, ನೆತ್ತಿಯ ಬಿಸಿಲಿನಲ್ಲಿ ತೆರೆ ಕಾಣದಿರುವಾಗ ಯಾರೂ ಚೌಕವನ್ನು ಸ್ಕ್ಯಾನ್ ಮಾಡುತ್ತ ಕೂರುವುದಿಲ್ಲ. 2017ರಲ್ಲಿ ಇದೇ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಸಿಂಪರಣೆಯ ವಿಷವೇರಿ 20ಕ್ಕೂ ಹೆಚ್ಚು ಜನ ಸತ್ತರು. ಕಾರಣಗಳು ಹಲವಿದ್ದವು, ಓದಲಾಗದ ಚೀಟಿಯೊಂದೇ ಅಲ್ಲ. ಆದರೂ ಅತಿವಿಷವನ್ನು ಸೂಚಿಸುವ ಕೆಂಪು ಗುರುತು, ಪ್ರಥಮ ಚಿಕಿತ್ಸೆ, ಪ್ರತಿವಿಷ ಇವು ಡಬ್ಬಿಯ ಮೈಮೇಲೆಯೇ ದೊಡ್ಡದಾಗಿ ಉಳಿಯಬೇಕು. ಉಳಿದದ್ದು ಮೊಬೈಲಿಗೆ ಹೋಗಲಿ.

ಹೋಗುವುದು ಯಾವ ಕನ್ನಡದಲ್ಲಿ? ಪುಸ್ತಕದ ಕನ್ನಡ 'ಕೀಟನಾಶಕ ಸಿಂಪರಣೆ' ಎನ್ನುತ್ತದೆ. ಹೊಲದಲ್ಲಿ ಅದು 'ಎಣ್ಣಿ ಹೊಡಿಯೂದು', ಪಕ್ಕದ ಮರಾಠಿಯಲ್ಲಿ 'ಫವಾರಣಿ'. ಎಣ್ಣೆಯೆಂದರೆ ವಿಷವೆಂದು ಯಂತ್ರಾನುವಾದಕ್ಕಾಗಲಿ ದೂರದ ಅನುವಾದಕನಿಗಾಗಲಿ ತಿಳಿಯುವುದು ಕಷ್ಟ. ಎರಡೂ ಭಾಷೆಗಳಲ್ಲಿ ಬೆಳೆದ ಗಡಿಭಾಗದ ಕನ್ನಡ ವಿದ್ಯಾರ್ಥಿಗೆ ಅದು ಮನೆಯ ಮಾತು. ಅನುವಾದದ ಪತ್ರಿಕೆಗೆ ಕಥೆ, ಪ್ರಬಂಧಗಳ ಜೊತೆಗೆ ಇಂಥ ಚೀಟಿಯೊಂದನ್ನೂ ಕೊಡಬಹುದು. ತೊಗರಿಯ ಕಾಯಿಕೊರಕಕ್ಕೆ ಹೊಡೆಯುವ ಒಂದೇ ಔಷಧದ ಚೀಟಿಯಿಂದ ಆರಂಭವಾದರೂ ಸಾಕು. ಪ್ರಮಾಣದ ಅಂಕಿಗಳನ್ನು ಮಾತ್ರ ಕೃಷಿ ತಜ್ಞರು ನೋಡಿ ಒಪ್ಪಿದ ಮೇಲೆಯೇ ಅದು ರೈತನ ಕೈಗೆ ಹೋಗಬೇಕು.