ಅಡ್ಮಿನ್ ಅನ್ನೋದು ಬರೀ ಬಿರುದಲ್ಲ

ಬೈಲಹೊಂಗಲದ ನನ್ನ ಗೆಳೆಯನೊಬ್ಬ ನಾನೂರು ಜನರ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಮೊನ್ನೆ ಅದರಲ್ಲಿ ಯಾರೋ ಅಪರಿಚಿತರ ಫೋಟೋ ಬಂತು, "ಮಕ್ಕಳ ಕಳ್ಳರು ಬಂದಾರ, ಹುಷಾರ್" ಅಂತ. ತಕ್ಷಣ ಫೋನ್ ಮಾಡಿ "ಅದನ್ನ ತಗದ್ ಹಾಕೋ ಮಾರಾಯ" ಅಂದೆ. ಅವನ ಉತ್ತರ ಕೇಳಿ: "ನಾ ಹಾಕೇನೇನ್ ಅದನ್ನ? ಕಟ್ಟಿ ಮ್ಯಾಲ ಕುಂತು ಮಾತಾಡವ್ರ ಬಾಯಿ ನಾ ಹಿಡೀಲೇನು?"

ಮೈ ಉರಿದುಹೋಯ್ತು.

ಬೀದರ್ ಜಿಲ್ಲೆಯ ಮುರ್ಕಿ ನೆನಪಿದೆಯಾ? 2018ರ ಜುಲೈ 13. ಹೈದರಾಬಾದಿನಿಂದ ಬಂದಿದ್ದ ನಾಲ್ಕೈದು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ! ಮಕ್ಕಳ ಕಳ್ಳರು ಅನ್ನೋ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ದಾರಿ ಅಡ್ಡಗಟ್ಟಿ ಜನ ಬಡಿದರು, ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಒಬ್ಬ ಸತ್ತೇ ಹೋದ. ಅವನೂ ನನ್ನ ಹಾಗೆ ಸಾಫ್ಟ್‌ವೇರ್ ಇಂಜಿನಿಯರ್. ಆಮೇಲೆ ಬಂಧಿಸಿದ 30ಕ್ಕೂ ಹೆಚ್ಚು ಜನರಲ್ಲಿ ಒಬ್ಬ ಗ್ರೂಪ್ ಅಡ್ಮಿನ್ನೂ ಇದ್ದ.

ಕಾನೂನು ನನ್ನ ಗೆಳೆಯನ ಕಡೆಗೇ ಇದೆ, ಒಪ್ಪುತ್ತೇನೆ. ಸಂಚಿನಲ್ಲಿ ತಾನೂ ಸೇರಿರದಿದ್ದರೆ, ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಅಪರಾಧಿಯಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಸರಿಯಾದ ತೀರ್ಪುಗಳೇ. ಯಾರೋ ನಡುರಾತ್ರಿ ಹಾಕಿದ್ದಕ್ಕೆ ಮಲಗಿದ್ದವನನ್ನು ಜೈಲಿಗೆ ಹಾಕೋದು ನ್ಯಾಯವಲ್ಲ. ಆದರೆ ಜೈಲಿಲ್ಲ ಅಂದಮಾತ್ರಕ್ಕೆ ಹೊಣೆಯೂ ಇಲ್ಲವಾ?

ಕಟ್ಟೆ ಹೋಲಿಕೆಯೇ ತಪ್ಪು ಕಣೋ. ಕಟ್ಟೆ ಊರಿನದು, ಗ್ರೂಪು ನಿನ್ನದು. ಯಾರನ್ನು ಸೇರಿಸಬೇಕು, ಯಾರನ್ನು ಹೊರಹಾಕಬೇಕು ಅನ್ನೋದು ನಿನ್ನ ಕೈಯಲ್ಲಿದೆ. ಅಡ್ಮಿನ್ ಬಿಟ್ಟು ಬೇರಾರೂ ಬರೆಯದಂತೆ ಬೀಗ ಹಾಕೋ ಸೌಲಭ್ಯ 2018ರಲ್ಲೇ ಬಂತು. ಬೇರೆಯವರ ಮೆಸೇಜನ್ನೂ ಎಲ್ಲರ ಫೋನಿಂದ ಅಳಿಸೋ ಅಧಿಕಾರ 2022ರಲ್ಲಿ ಬಂತು. ಮೆಸೇಜು ಎನ್‌ಕ್ರಿಪ್ಟ್ ಆಗಿರೋದರಿಂದ ಕಂಪನಿಗೆ ಅದು ಕಾಣೋದೇ ಇಲ್ಲ. ಕಳಿಸಿದವನನ್ನು ಬಿಟ್ಟರೆ, ಅದನ್ನು ಓದಿ ಅಳಿಸಬಲ್ಲವನು ಅಡ್ಮಿನ್ ಮಾತ್ರ!

ನೋಡದೇ ಇದ್ದರೆ ತಪ್ಪಲ್ಲ. ನೋಡಿಯೂ ಸುಮ್ಮನಿದ್ದರೆ?

ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಮಹಾರಾಷ್ಟ್ರದಿಂದೆಲ್ಲಾ ಜನ ಬರ್ತಾರೆ. ಜಾತ್ರೆಯಲ್ಲಿ ತಪ್ಪಿಸಿಕೊಂಡು ಅಳೋ ಮಗುವಿಗೆ ಅವರಲ್ಲೊಬ್ಬರು ಚಾಕಲೇಟು ಕೊಟ್ಟರೆ, ನಿನ್ನ ಗ್ರೂಪಿನ ಆ ಮೆಸೇಜು ಅವರನ್ನು ಏನು ಮಾಡೀತು, ಯೋಚಿಸಿದೀಯಾ?

ಗೆಳೆಯ ಇನ್ನೂ ಅಳಿಸಿಲ್ಲ. ಅಷ್ಟು ಕಷ್ಟವಾದರೆ ಅಡ್ಮಿನ್ ಪಟ್ಟ ಬಿಟ್ಟು ಇಳಿಯಲಿ.

ನೀವೂ ಯಾವುದಾದರೂ ಗ್ರೂಪಿನ ಅಡ್ಮಿನ್ ಇರಬೇಕಲ್ಲ... ಏನಂತೀರಿ?